ತಾಡವೋಲೆಯಿಂದ ಅಚ್ಚಿನ ಮೊಳೆಗೆ

ಹಿರಿಯರನ್ನು ಮರೆಯಲು ಎರಡು ದಾರಿಗಳುಂಟು. ಅವರ ಹೆಸರನ್ನೇ ಎತ್ತದಿರುವುದು ಒಂದು. ಬಿರುದೊಂದನ್ನು ಕೊಟ್ಟು ಕೈ ತೊಳೆದುಕೊಳ್ಳುವುದು ಇನ್ನೊಂದು. ಫ. ಗು. ಹಳಕಟ್ಟಿಯವರ ವಿಷಯದಲ್ಲಿ ನಾವು ಹಿಡಿದಿರುವುದು ಎರಡನೆಯ ದಾರಿಯೆಂದು ನನಗೆ ತೋರುತ್ತದೆ. ‘ವಚನ ಪಿತಾಮಹ’ ಎಂದೊಡನೆ ನಮ್ಮ ಋಣ ತೀರಿತೆಂದು ಭಾವಿಸುತ್ತೇವೆ.

ನಾನು ಕಮತಗಿಯವನು. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ನಮ್ಮೂರು 1997ರವರೆಗೆ ವಿಜಾಪುರ ಜಿಲ್ಲೆಯಲ್ಲಿತ್ತು. ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮವು ನಮ್ಮ ಸೀಮೆಯಲ್ಲಿಯೇ ಇದೆ. ಆದರೂ ಆ ಶರಣರ ಮಾತು ವ್ಯವಸ್ಥಿತ ಅಭ್ಯಾಸದ ವಸ್ತುವಾದದ್ದು ಬಹುಮಟ್ಟಿಗೆ ವಿಜಾಪುರದ ಒಬ್ಬ ವಕೀಲರ ಶ್ರಮದಿಂದ.

1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಹಳಕಟ್ಟಿಯವರು ಓಲೆಗರಿಯ ಕಟ್ಟುಗಳನ್ನು ಅರಸಿ ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನೂ 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯನ್ನೂ ಆರಂಭಿಸಿದರು. ಇದಕ್ಕೆ ಮುಂಚೆಯೇ, 1910ರಲ್ಲಿ ವಿಜಾಪುರದಲ್ಲಿ ವಿದ್ಯಾಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು ಅವರ ಪ್ರಯತ್ನದಿಂದ ತಲೆಯೆತ್ತಿದ್ದವು. ಮುಂಬಯಿ ಶಾಸನಸಭೆಯಲ್ಲಿ ಸದಸ್ಯರಾಗಿದ್ದರು. ಕರ್ನಾಟಕದ ಏಕೀಕರಣಕ್ಕೆ ದುಡಿದರು.

ವಿದ್ವಾಂಸನಾದವನು ಇಷ್ಟೊಂದು ಕೆಲಸಗಳಿಗೆ ಕೈ ಹಚ್ಚಬಾರದು, ಪಾಠಪರಿಷ್ಕರಣಕ್ಕೇ ಆಯುಷ್ಯವನ್ನು ಮೀಸಲಿಡಬೇಕು ಎನ್ನುವವರುಂಟು. ನಾನು ಇದನ್ನು ಒಪ್ಪಲಾರೆ. ಅಚ್ಚುಕೂಟವಿಲ್ಲದೆ ಗ್ರಂಥವಿಲ್ಲ, ಶಾಲೆಯಿಲ್ಲದೆ ಓದುಗನಿಲ್ಲ, ಕನ್ನಡನಾಡು ಹರಿದು ಹಂಚಿಹೋಗಿರುವಾಗ ಅಲ್ಲಿ ಬರೆದದ್ದನ್ನು ಇಲ್ಲಿ ಓದುವ ಸಮಾಜವೂ ಇಲ್ಲ. ಅವರು ಮಾಡಿದ್ದು ಹಲವು ಕೆಲಸಗಳಲ್ಲ, ಒಂದೇ ಕೆಲಸದ ಹಲವು ಮಗ್ಗುಲುಗಳು. 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರಕಾರವು 15 ಸಂಪುಟಗಳ ಸಮಗ್ರ ವಚನಗಳನ್ನು ಪ್ರಕಟಿಸಿತು. ತಿದ್ದುವ ಕೈಗಳು ಮುಂದೆ ಬಂದದ್ದು, ಮೊದಲು ಉಳಿಸುವ ಕೈಯೊಂದು ಇದ್ದುದರಿಂದ. ಓಲೆಗರಿಯು ಗೆದ್ದಲಿಗೆ ತುತ್ತಾದ ಮೇಲೆ ಯಾವ ಪಂಡಿತನು ಯಾವ ಪಾಠವನ್ನು ಪರಿಷ್ಕರಿಸಬಲ್ಲನು?

ಅಚ್ಚುಕೂಟವನ್ನು ನಡೆಸಲು ಅವರು ತಮ್ಮ ಮನೆಯನ್ನೇ ಮಾರಿದರೆಂಬುದನ್ನು ನಾವು ಭಾಷಣಗಳಲ್ಲಿ ಕಣ್ಣೀರಿನ ಪ್ರಸಂಗವಾಗಿ ಹೇಳುತ್ತೇವೆ. ಆ ತ್ಯಾಗವನ್ನು ಕೊಂಡಾಡುವುದಕ್ಕಿಂತ, ಅಂಥ ಕೆಲಸಕ್ಕೆ ಒಬ್ಬನೇ ಮನುಷ್ಯ ಮನೆ ಮಾರಬೇಕಾದ ಸಮಾಜವನ್ನು ಕುರಿತು ನಾಚುವುದು ಹೆಚ್ಚು ಉಚಿತ.

1964ರ ಜೂನ್ 29ರಂದು ಅವರು ತೀರಿಕೊಂಡರು. ಕೆಲಸ ಮಾತ್ರ ತೀರಿಲ್ಲ. ನಮ್ಮ ಸೀಮೆಯ ಅಟ್ಟಗಳಲ್ಲಿ ಹಳೆಯ ಕಡತಗಳು, ನೇಕಾರರ ಲೆಕ್ಕದ ವಹಿಗಳು, ಭಜನೆಯ ಕೈಬರಹದ ಪುಸ್ತಕಗಳು ಧೂಳು ತಿನ್ನುತ್ತಿವೆ. ಹಳಕಟ್ಟಿಯವರಿಗೆ ಒಂದೊಂದು ಪುಟವನ್ನೂ ಕೈಯಿಂದಲೇ ಪ್ರತಿ ಮಾಡಬೇಕಿತ್ತು. ಇಂದಿನ ವಿದ್ಯಾರ್ಥಿಯು ಜೇಬಿನೊಳಗಿನ ಫೋನಿನಿಂದ ಒಂದು ಮಧ್ಯಾಹ್ನದಲ್ಲಿ ನೂರು ಪುಟಗಳ ಚಿತ್ರ ತೆಗೆಯಬಲ್ಲನು. ಸಾಧನ ನಮ್ಮಲ್ಲಿದೆ, ಇಲ್ಲದ್ದು ಹಂಬಲ. ಪ್ರತಿಯೊಂದು ಶಾಲೆಯೂ ವರ್ಷಕ್ಕೆ ಒಂದು ಅಟ್ಟವನ್ನಾದರೂ ಇಳಿಸಿ ನೋಡಲಿ. ಆಗ ಆ ಬಿರುದನ್ನು ಉಚ್ಚರಿಸುವ ಅಧಿಕಾರ ನಮಗೆ ಬಂದೀತು.