ಅರ್ಧ ಆಕಾಶ ಹೊತ್ತವಳಿಗೆ ಗದ್ದುಗೆಯಿಲ್ಲ!

ಹೆಂಗಸರು ಅರ್ಧ ಆಕಾಶವನ್ನು ಹೊತ್ತಿದ್ದಾರೆಂಬ ಮಾತು ಚೀನಾದ್ದು. ಮಾವೋ ಹೆಸರಿನಲ್ಲಿ ಅದು ಲೋಕವೆಲ್ಲ ಸುತ್ತಿತು. ಆದರೆ 2022ರ ಅಕ್ಟೋಬರಿನಲ್ಲಿ ಅಲ್ಲಿನ ಕಮ್ಯುನಿಸ್ಟ್ ಪಕ್ಷ ತನ್ನ ಪಾಲಿಟ್‌ಬ್ಯೂರೋಕ್ಕೆ 24 ಮಂದಿಯನ್ನು ಆರಿಸಿದಾಗ ಅವರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಅದಕ್ಕೂ ಮೇಲಿನ ಸ್ಥಾಯೀ ಸಮಿತಿಯಲ್ಲಂತೂ ಒಬ್ಬ ಹೆಂಗಸೂ ಎಂದೂ ಕುಳಿತದ್ದಿಲ್ಲ. ಹೊರುವ ಕೆಲಸ ಅವಳಿಗೆ, ಆಳುವ ಕೆಲಸ ಅವನಿಗೆ. ಇದಕ್ಕೆ ಸಮಾನತೆಯೆಂದು ಹೆಸರೇ?

ಆದದ್ದನ್ನು ಆಗಿಲ್ಲವೆನ್ನುವ ಜಾಯಮಾನ ನಮ್ಮದಲ್ಲ. ಹಳೆಯ ಚೀನಾದಲ್ಲಿ ಹೆಣ್ಣುಮಗುವಿನ ಪಾದಗಳನ್ನು ಬಟ್ಟೆಯಿಂದ ಬಿಗಿದು, ಎಲುಬು ಮುರಿದು ಚಿಕ್ಕದಾಗಿಸುತ್ತಿದ್ದರು. ಉಳ್ಳವನು ಹೆಂಡತಿಯ ಮೇಲೆ ಉಪಪತ್ನಿಯರನ್ನು ತರುತ್ತಿದ್ದ. 1950ರ ಮದುವೆ ಕಾಯಿದೆ ಉಪಪತ್ನಿ ಪದ್ಧತಿಯನ್ನೂ ಬಲವಂತದ ಮದುವೆಯನ್ನೂ ನಿಷೇಧಿಸಿತು. ವಿಚ್ಛೇದನ ಕೇಳುವ ಹಕ್ಕನ್ನು ಹೆಣ್ಣಿಗೂ ಕೊಟ್ಟಿತು. ಅದು ದೊಡ್ಡ ಕೆಲಸವೇ ಸರಿ. ಆದರೆ ಅದರ ಬೀಜ ಬಿತ್ತಿದವರಲ್ಲಿ ಹೆಂಗಸರೂ ಇದ್ದರು. ಕಟ್ಟಿದ ಪಾದಗಳನ್ನು ಬಿಚ್ಚಿಕೊಂಡು ಹೆಣ್ಣಿನ ಬಿಡುಗಡೆಗಾಗಿ ಬರೆದ ಚಿಯೂ ಜಿನ್‌ಳ ತಲೆಯನ್ನು ಅಂದಿನ ಅರಸೊತ್ತಿಗೆ 1907ರಲ್ಲಿ ಕಡಿಸಿತು.

ಮೇಲಿನಿಂದ ಅಪ್ಪಣೆ ಹೊರಟರೆ ಕೆಲಸ ಬೇಗ ಆಗುತ್ತದೆ, ಸಂಘ-ಸಭೆಗಳ ಗದ್ದಲವೇಕೆ ಎಂದು ಕೇಳುವವರಿದ್ದಾರೆ. ಗಿರಣಿಯ ಬಂಧುಗಳಿಗೆ ಇದರ ಉತ್ತರ ಗೊತ್ತು. ಪಗಾರದ ಕಾಯಿದೆ ಪುಸ್ತಕದಲ್ಲಿದ್ದರೂ ಸಂಘವಿಲ್ಲದ ಕಡೆ ಮಾಲೀಕನ ಮಾತೇ ಕಾಯಿದೆ. ಚೀನಾದಲ್ಲಿ ಪಕ್ಷದ ಹಿಡಿತದ ಹೊರಗೆ ಕಾರ್ಮಿಕ ಸಂಘ ಕಟ್ಟುವಂತಿಲ್ಲ. ಮಹಿಳಾ ಒಕ್ಕೂಟವೂ ಪಕ್ಷದ್ದೇ. ಇದರ ಫಲವೇನು?

1993ರ ನವೆಂಬರ್ 19ರಂದು ಷೆನ್‌ಜೆನ್‌ನ ಜಿಲಿ ಆಟಿಕೆ ಕಾರ್ಖಾನೆಗೆ ಬೆಂಕಿ ಬಿತ್ತು. ಕಿಟಕಿಗಳಿಗೆ ಸರಳು, ಬಾಗಿಲುಗಳಿಗೆ ಬೀಗ. 87 ಮಂದಿ ಸತ್ತರು. ಹೆಚ್ಚಿನವರು ಹಳ್ಳಿಗಳಿಂದ ದುಡಿಯಲು ಬಂದ ಹರೆಯದ ಹೆಣ್ಣುಮಕ್ಕಳು. ಕೆಂಬಾವುಟದ ನೆರಳಿನಲ್ಲಿ ಬಂಡವಾಳದ ಬೀಗ!

ಅವಳ ಬಸಿರೂ ಅವಳದಲ್ಲ. 1980ರ ಹೊತ್ತಿಗೆ ಒಂದೇ ಮಗು ಎಂಬ ಕಟ್ಟಪ್ಪಣೆ ಬಂದು 2015ರವರೆಗೆ ನಡೆಯಿತು. ಬಲವಂತದ ಗರ್ಭಪಾತಗಳಾದವು, ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಗಂಡೇ ಬೇಕೆಂಬ ಹಳೆಯ ಮೋಹವೂ ಸರಕಾರದ ಲೆಕ್ಕವೂ ಕೈಗೂಡಿಸಿದವು. 2010ರ ಜನಗಣತಿಯ ಪ್ರಕಾರ 100 ಹೆಣ್ಣು ಹುಟ್ಟಿದರೆ 118 ಗಂಡು. ಹುಟ್ಟದೇ ಹೋದ ಆ ಹೆಣ್ಣುಮಕ್ಕಳ ಲೆಕ್ಕ ಕೊಡುವವರು ಯಾರು? ಮುಂದೆ ಜನಸಂಖ್ಯೆ ಇಳಿಯುವ ಭೀತಿ ಹಿಡಿದೊಡನೆ 2021ರಲ್ಲಿ ಮೂರು ಹೆರಬಹುದೆಂದರು. 2023ರಲ್ಲಿ ಷಿ ಜಿನ್‌ಪಿಂಗ್ ಮಹಿಳಾ ಒಕ್ಕೂಟದ ಮುಖಂಡರನ್ನು ಕೂರಿಸಿಕೊಂಡು, ಮದುವೆ-ಹೆರಿಗೆಗಳ ಹೊಸ ಸಂಸ್ಕೃತಿ ಬೆಳೆಸಿರೆಂದು ಬೋಧಿಸಿದರು. ಅಂದು ಹೆರಬೇಡ, ಇಂದು ಹೆರು! ಎರಡು ಸಲವೂ ಅವಳನ್ನು ಕೇಳಿದವರಿಲ್ಲ.

ತಾವಾಗಿಯೇ ಬಾಯಿ ತೆರೆದವರ ಗತಿಯನ್ನೂ ನೋಡೋಣ. 2015ರ ಮಾರ್ಚಿನಲ್ಲಿ, ಮಹಿಳಾ ದಿನದ ಹೊತ್ತಿಗೆ, ಬಸ್ಸು-ರೈಲುಗಳಲ್ಲಿ ಹೆಂಗಸರ ಮೈಮುಟ್ಟುವ ಪೀಡೆಯ ವಿರುದ್ಧ ಚೀಟಿ ಅಂಟಿಸಲು ಹೊರಟ ಐವರು ತರುಣಿಯರನ್ನು 37 ದಿನ ಬಂಧನದಲ್ಲಿಟ್ಟರು. ಅಂಟಿಸುವ ಮೊದಲೇ ಹಿಡಿದರು! 2024ರ ಜೂನ್‌ನಲ್ಲಿ, ಹೆಂಗಸರಿಗಾಗುವ ಕಿರುಕುಳವನ್ನು ಬಯಲಿಗೆಳೆದ ಪತ್ರಕರ್ತೆ ಹುವಾಂಗ್ ಶ್ವೇಚಿನ್‌ಗೆ ರಾಜ್ಯದ್ರೋಹಕ್ಕೆ ಪ್ರಚೋದಿಸಿದಳೆಂದು 5 ವರ್ಷ ಸೆರೆ ವಿಧಿಸಿದರು. ಅದೇ ಮೊಕದ್ದಮೆಯಲ್ಲಿ ಕಾರ್ಮಿಕರ ಪರ ನಿಂತ ವಾಂಗ್ ಜಿಯಾನ್‌ಬಿಂಗ್‌ಗೆ ಮೂರೂವರೆ ವರ್ಷ. ಹೆಣ್ಣಿನ ಪರ ಮಾತಾಡಿದವಳಿಗೂ ದುಡಿಯುವವನ ಪರ ಮಾತಾಡಿದವನಿಗೂ ಒಂದೇ ಕಟಕಟೆ. ಇದು ಆಕಸ್ಮಿಕವೆಂದು ನಾವು ನಂಬುವುದಿಲ್ಲ.

ಗಿರಣಿಯ ಅಕ್ಕ-ಅಣ್ಣಂದಿರೇ, ಅಂಗಡಿಯ ಮಿತ್ರರೇ! ದಯೆಯಿಂದ ಬಂದ ಹಕ್ಕನ್ನು ದಯೆ ಬತ್ತಿದ ದಿನ ಕಸಿದುಕೊಳ್ಳಬಹುದು. ಚೀನಾದ ಹೆಂಗಸರಿಗೆ ಬೇಕಾದುದು ಹೊಸ ಘೋಷಣೆಯಲ್ಲ. ತಮ್ಮದೇ ಸಂಘ, ತಮ್ಮದೇ ಪತ್ರಿಕೆ, ಬೇಡವೆನ್ನುವ ಅಧಿಕಾರ. ಅವನ್ನು ಕೊಡದ ಸರಕಾರ ಯಾವ ಬಣ್ಣದ ಬಾವುಟ ಹಾರಿಸಿದರೂ ಅದನ್ನು ಸಮಾಜವಾದಿ ಸರಕಾರವೆಂದು ನಾವು ಕರೆಯಲಾರೆವು.