ಧಾರಾಶಿವದ ಖೋ-ಖೋ ನಾಯಕಿ

ಖೋ-ಖೋ ಆಟಕ್ಕೆ ಬೇಕಾದ ಸಲಕರಣೆ ಬಹಳವಿಲ್ಲ. ನೆಲದಲ್ಲಿ ನೆಟ್ಟ ಎರಡು ಕಂಬ, ಸುಣ್ಣದ ಗೆರೆ, ಹದಮಾಡಿದ ಮಣ್ಣು ಇದ್ದರೆ ಸಾಕು. ಆದುದರಿಂದಲೇ ಅದು ನಮ್ಮ ಹಳ್ಳಿಗಳ ಶಾಲೆಯಂಗಳಕ್ಕೆ ಒಗ್ಗಿದ ಆಟ. ಆದರೆ ಆಟಕ್ಕೆ ಖರ್ಚಿಲ್ಲವೆಂದ ಮಾತ್ರಕ್ಕೆ ಆಡುವ ಮಗಳಿಗೂ ಖರ್ಚಿಲ್ಲವೆಂದು ತಿಳಿಯಬಾರದು. ಧಾರಾಶಿವದ ಸಾರಿಕಾ ಕಾಳೆ ಅವರ ಬಾಳು ಈ ಮಾತನ್ನು ನಮಗೆ ಮನಗಾಣಿಸುತ್ತದೆ.

ಸಾರಿಕಾ ನಮಗೆ ದೂರದವರಲ್ಲ. ಉಮರಗಾ ಇಂದಿಗೂ ಅದೇ ಜಿಲ್ಲೆಯ ತಾಲೂಕು. 1982ರಲ್ಲಿ ಲಾತೂರ ಜಿಲ್ಲೆ ಬೇರ್ಪಡುವ ತನಕ ನಿಲಂಗಾ, ಉದಗೀರಗಳೂ ಆಗಿನ ಉಸ್ಮಾನಾಬಾದ ಜಿಲ್ಲೆಗೇ ಸೇರಿದ್ದವು. ಮಳೆ ಕೈಕೊಟ್ಟ ವರ್ಷ ಮನೆಯ ಒಲೆ ಹೇಗೆ ಉರಿಯುತ್ತದೆಂಬುದನ್ನು ಈ ಸೀಮೆಯ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಟವಾಡುತ್ತಿದ್ದ ಚಿಕ್ಕಪ್ಪನೊಬ್ಬರು ಸಾರಿಕಾ ಅವರನ್ನು ಹದಿಮೂರನೆಯ ವಯಸ್ಸಿನಲ್ಲಿ ಬಯಲಿಗೆ ಕರೆದೊಯ್ದರು. ತಂದೆಯವರಿಗೆ ಅಂಗದ ತೊಂದರೆಯಿಂದಾಗಿ ಹೆಚ್ಚಿನ ದುಡಿಮೆ ಸಾಧ್ಯವಿರಲಿಲ್ಲ. ತಾಯಿ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದರು. ಸಂಸಾರ ನಿಂತುದು ಅಜ್ಜ-ಅಜ್ಜಿಯರ ಗಳಿಕೆಯ ಮೇಲೆ. ಹತ್ತಿರ ಹತ್ತಿರ ಹತ್ತು ವರ್ಷ ತಾವು ದಿನಕ್ಕೆ ಒಂದೇ ಹೊತ್ತು ಉಂಡುದಾಗಿ ಅವರು 2020ರಲ್ಲಿ ಪತ್ರಿಕೆಯವರ ಮುಂದೆ ಹೇಳಿಕೊಂಡರು. ಒಳ್ಳೆಯ ಊಟ ದೊರೆಯುತ್ತಿದ್ದುದು ಶಿಬಿರಕ್ಕೋ ಪಂದ್ಯಕ್ಕೋ ಹೋದಾಗ ಮಾತ್ರ. ಇಷ್ಟಾದರೂ ಮನೆಯವರು ಪಂದ್ಯಕ್ಕೆ ಹೋಗಬೇಡವೆಂದು ಒಮ್ಮೆಯೂ ತಡೆಯಲಿಲ್ಲ.

ಈ ಆಟ ಎಂಥ ದೇಹಶ್ರಮವನ್ನು ಕೇಳುತ್ತದೆಂಬುದನ್ನು ತಾಯಂದಿರು ಅರಿಯಬೇಕು. ಬೆನ್ನಟ್ಟುವ ಪಕ್ಷದ ಎಂಟು ಮಂದಿ ನಡುಗೆರೆಯುದ್ದಕ್ಕೂ ಒಬ್ಬರು ಅತ್ತ, ಒಬ್ಬರು ಇತ್ತ ಮುಖಮಾಡಿ ಕುಳಿತಿರುತ್ತಾರೆ. ಒಂಬತ್ತನೆಯವಳು ಓಡುವವರನ್ನು ಅಟ್ಟಬೇಕು. ಆಕೆ ನಡುಗೆರೆಯನ್ನು ದಾಟುವಂತಿಲ್ಲ; ಹಿಡಿದ ದಿಕ್ಕನ್ನು ಬಿಟ್ಟು ಹಿಂದಿರುಗುವಂತಿಲ್ಲ. ಓಡುವವಳಿಗಾದರೋ ಎರಡು ಮಗ್ಗುಲೂ ಮುಕ್ತ. ಆದ್ದರಿಂದ ಅಟ್ಟುವವಳು ತಕ್ಕ ಕ್ಷಣದಲ್ಲಿ ಕುಳಿತವಳ ಬೆನ್ನು ಮುಟ್ಟಿ ‘ಖೋ’ ಎಂದು ಓಟವನ್ನು ಅವಳಿಗೆ ಒಪ್ಪಿಸಬೇಕು. ಕುಳಿತಲ್ಲಿಂದ ಚಿಮ್ಮಿ ಏಳುವುದು, ಬಾಗಿ ತಿರುಗುವುದು, ಕಂಬ ಹಿಡಿದು ಸುತ್ತುವುದು, ಮೈಚೆಲ್ಲಿ ಮುಟ್ಟುವುದು ಇವೆಲ್ಲ ನಿಮಿಷಗಳ ಕಾಲ ಬಿಡುವಿಲ್ಲದೆ ನಡೆಯುತ್ತವೆ. ಒಂದು ಹೊತ್ತಿನ ಅನ್ನದ ಬಲದಲ್ಲಿ ಇದನ್ನು ವರ್ಷಗಟ್ಟಲೆ ಆಡಿದ ಹುಡುಗಿಯ ಛಲ ದೊಡ್ಡದು. ಆದರೆ ಇನ್ನೊಬ್ಬ ಹುಡುಗಿ ಹಾಗೆಯೇ ಆಡಲೆಂದು ನಾವು ಬಯಸಲಾರೆವು.

2016ರಲ್ಲಿ ಗುವಾಹಾಟಿ ಮತ್ತು ಶಿಲ್ಲಾಂಗಗಳಲ್ಲಿ ನಡೆದ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಭಾರತದ ವನಿತೆಯರು ಖೋ-ಖೋದಲ್ಲಿ ಚಿನ್ನದ ಪದಕ ಗೆದ್ದರು. ನಾಯಕಿ ಸಾರಿಕಾ. ಅದೇ ವರ್ಷ ಮನೆಯ ಹಣದ ಅಡಚಣೆಯಿಂದ ಮನನೊಂದು ಆಟವನ್ನೇ ತೊರೆಯಲು ಅವರು ನಿಶ್ಚಯಿಸಿದ್ದರೆಂದು ತರಬೇತುದಾರರಾದ ಚಂದ್ರಜಿತ ಜಾಧವರು ತಿಳಿಸಿದ್ದಾರೆ. ಮೊಮ್ಮಗಳು ಕೋಣೆ ಸೇರಿ ಹೊರಬಾರದೆ ಕುಳಿತ ಸುದ್ದಿಯನ್ನು ಅವರಿಗೆ ಮುಟ್ಟಿಸಿದವರು ಅಜ್ಜಿ. ತಿಳಿಹೇಳಿದ ಮೇಲೆ ಸಾರಿಕಾ ಮತ್ತೆ ಬಯಲಿಗಿಳಿದರು. ಮುಂದೆ ತುಳಜಾಪುರದಲ್ಲಿ ಸರಕಾರಿ ಕ್ರೀಡಾಧಿಕಾರಿಯ ಕೆಲಸ ದೊರೆಯಿತು. 2020ರ ಅರ್ಜುನ ಪ್ರಶಸ್ತಿಯೂ ಅವರನ್ನು ಅರಸಿ ಬಂದಿತು. ಖೋ-ಖೋ ಆಟಕ್ಕೆ ಆ ಗೌರವ ಸಂದುದು 22 ವರ್ಷಗಳ ನಂತರ. ಆ ಅಜ್ಜಿ ಅಂದು ಸುಮ್ಮನಿದ್ದಿದ್ದರೆ ಈ ಕಥೆ ಕೋಣೆಯಲ್ಲೇ ಮುಗಿಯುತ್ತಿತ್ತೇನೋ!

ಸಣ್ಣ ಊರು ಮನಸ್ಸು ಮಾಡಿದರೆ ಏನಾದೀತೆಂಬುದಕ್ಕೆ ಜಪಾನಿನ ಒಂದು ದೃಷ್ಟಾಂತವುಂಟು. ಹೊಕ್ಕೈಡೊ ದ್ವೀಪದ ತೊಕೊರೊ ಎಂಬುದು ಮೀನುಗಾರರ ಪುಟ್ಟ ಊರು. ಹಿಮದ ನೆಲದ ಮೇಲೆ ಭಾರವಾದ ಕಲ್ಲನ್ನು ಜಾರಿಸಿ, ಅದರ ಮುಂದೆ ಪೊರಕೆಯಿಂದ ಉಜ್ಜುತ್ತ ಗುರಿಮುಟ್ಟಿಸುವ ‘ಕರ್ಲಿಂಗ್’ ಆಟಕ್ಕಾಗಿ ಅಲ್ಲಿ 1988ರಲ್ಲೇ ಒಂದು ಒಳಾಂಗಣ ಕಟ್ಟಲ್ಪಟ್ಟಿತು. ಆ ಊರಿನ ಮಗಳು ಮಾರಿ ಮೊತೊಹಾಶಿ ಬೇರೆಡೆಯ ತಂಡದಲ್ಲಿ ಎರಡು ಒಲಿಂಪಿಕ್ಸ್ ಆಡಿ, 2010ರಲ್ಲಿ ಮರಳಿ ಬಂದು ತನ್ನೂರಲ್ಲೇ ಒಂದು ವನಿತಾ ತಂಡವನ್ನು ಕಟ್ಟಿದರು. ಆ ತಂಡ 2018ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ಕಂಚನ್ನೂ 2022ರಲ್ಲಿ ಬೆಳ್ಳಿಯನ್ನೂ ಗೆದ್ದಿತು. ಮರಳಿ ಬಂದವಳಿಗೆ ಆಡಲು ಊರಿನಲ್ಲಿ ಸ್ಥಳವಿತ್ತು. ನಮ್ಮ ಆಟಕ್ಕೆ ಹಿಮವೂ ಬೇಡ, ಕಟ್ಟಡವೂ ಬೇಡ. ಶಾಲೆಯ ಬಯಲು ಒತ್ತುವರಿಯಾಗದಂತೆ ಕಾಯ್ದುಕೊಂಡರೆ ಸಾಕು.

2025ರ ಜನವರಿ 19ರಂದು ದಿಲ್ಲಿಯಲ್ಲಿ ಪ್ರಥಮ ಖೋ-ಖೋ ವಿಶ್ವಕಪ್ಪಿನ ಅಂತಿಮ ಪಂದ್ಯ ಜರುಗಿತು. ಭಾರತದ ವನಿತೆಯರು ನೇಪಾಳವನ್ನು 78–40 ಅಂಕಗಳಿಂದ ಸೋಲಿಸಿದರು. ಆ ತಂಡದಲ್ಲಿ ಧಾರಾಶಿವದ ಅಶ್ವಿನಿ ಶಿಂದೆ ಇದ್ದರು. ಮೈಸೂರು ಜಿಲ್ಲೆಯ ಕುರುಬೂರು ಎಂಬ ಹಳ್ಳಿಯ ಚೈತ್ರಾ ಕೂಡ ಇದ್ದರು. ನಾವು ಬಾಳುತ್ತಿರುವ ಮಣ್ಣಿನ ಮಗಳೂ ನಮ್ಮ ನುಡಿಯ ಮಗಳೂ ಒಂದೇ ಪಕ್ಷದಲ್ಲಿ ಆಡಿ ಗೆದ್ದುದು ಗಡಿಯಾಚೆಯ ಕನ್ನಡಿಗರಾದ ನಮಗೆ ಇಮ್ಮಡಿ ಸಂತೋಷ ತರುವ ಸಂಗತಿ.

ನಮ್ಮ ಮನೆಗಳಲ್ಲಿ ಎಷ್ಟೋ ಹೆಣ್ಣುಮಕ್ಕಳ ಆಟ ಹತ್ತನೆಯ ಇಯತ್ತೆಯೊಂದಿಗೆ ನಿಂತುಹೋಗುತ್ತದೆ. ಸೋತು ನಿಂತವರು ಕೆಲವರು. ಹೊಸಿಲು ದಾಟಗೊಡದೆ ನಿಲ್ಲಿಸಲ್ಪಟ್ಟವರೇ ಹೆಚ್ಚು. ತಾಯಂದಿರಲ್ಲಿಯೂ ಅಜ್ಜಿಯರಲ್ಲಿಯೂ ನಮ್ಮ ವಿನಂತಿ ಇಷ್ಟೆ: ಸಂಜೆ ಬಯಲಿಗೆ ಹೊರಟ ಮಗಳಿಗೆ ಒಂದು ರೊಟ್ಟಿ, ಒಂದು ಹಿಡಿ ಶೇಂಗಾ ಕೊಟ್ಟು ಕಳುಹಿಸಿರಿ. ಮಣ್ಣುಗಾಲಿನಲ್ಲಿ ಮರಳಿದವಳನ್ನು ಗದರದಿರಿ. ಅವಳು ಮುಖ ಬಾಡಿಸಿಕೊಂಡು ಮೂಲೆ ಸೇರಿದ ದಿನ, ಏನಾಯಿತೆಂದು ಕೇಳಿರಿ.