ಹಗರಿಬೊಮ್ಮನಹಳ್ಳಿಯ ಕೂಲಿಯಾಳಿಗೆ ವಿಧಾನಸೌಧ ಎಷ್ಟು ದೂರ?

ದೀಪಾವಳಿ ಕಳೆದು ಕಾಫಿ ಹಣ್ಣು ಕೆಂಪೇರುವ ಹೊತ್ತಿಗೆ ಮಲೆನಾಡಿನ ತೋಟಗಳ ಲೈನ್ ಮನೆಗಳಲ್ಲಿ ಬಯಲುಸೀಮೆಯ ಮಾತು ಕೇಳತೊಡಗುತ್ತದೆ. ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಸೀಮೆಯ ತಾಂಡಾಗಳಿಂದ, ಕೇರಿಗಳಿಂದ ಮೇಸ್ತ್ರಿಯ ಮುಂಗಡ ಪಡೆದು, ಮಕ್ಕಳುಮರಿಗಳನ್ನು ಕಟ್ಟಿಕೊಂಡು ಜನ ಗುಳೆ ಬರುತ್ತಾರೆ. ಅದೇ ಊರುಗಳ ಇನ್ನೊಂದು ಪಾಲು ಕಬ್ಬು ಕಡಿಯಲು ಮಂಡ್ಯದ ಕಡೆಗೂ, ಮತ್ತೊಂದು ಪಾಲು ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೂ ಹೋಗುತ್ತದೆ. ತೋಟದ ಮಾಲೀಕನ ಲೆಕ್ಕದಲ್ಲಿ ಅವರು ಆಳುಗಳು; ರಾಜಕೀಯ ಪಕ್ಷಗಳ ಲೆಕ್ಕದಲ್ಲಿ ಓಟುಗಳು. ಆ ಆಳುಗಳಲ್ಲಿ ಒಬ್ಬ, ಅಥವಾ ಒಬ್ಬಳು, ತಾನೂ ವಿಧಾನಸಭೆಗೆ ಸ್ಪರ್ಧಿಸುತ್ತೇನೆಂದು ನಾಮಪತ್ರ ಹಿಡಿದು ನಿಂತರೆ ಊರು ಏನೆನ್ನುತ್ತದೆ? ಮೊದಲು ಕೇಳಿಬರುವುದು ನಗು. ನಂತರ ಬರುವ ಪ್ರಶ್ನೆ ‘ಗೆದ್ದು ಏನು ಮಾಡುತ್ತೀ?’ ಎಂದಲ್ಲ, ‘ಎಷ್ಟು ದುಡ್ಡು ಇಟ್ಟಿದ್ದೀ?’ ಎಂದು.

ಕಾನೂನಿನ ಕಣ್ಣಿನಲ್ಲಿ ಆ ಕೂಲಿಯಾಳಿಗೆ ಯಾವ ಅಡ್ಡಿಯೂ ಇಲ್ಲ. ಇಪ್ಪತ್ತೈದು ವರ್ಷ ತುಂಬಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, ಪಕ್ಷದ ಬೆಂಬಲವಿಲ್ಲದಿದ್ದರೆ ಹತ್ತು ಮಂದಿ ಸೂಚಕರು ಸಹಿ ಹಾಕಬೇಕು. ಠೇವಣಿ 10,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಅರ್ಧ. ಉದ್ಯೋಗ ಖಾತ್ರಿ ಯೋಜನೆಯಡಿ 2023-24ರಲ್ಲಿ ಕರ್ನಾಟಕಕ್ಕೆ ನಿಗದಿಯಾಗಿದ್ದ ದಿನಗೂಲಿ 316 ರೂಪಾಯಿ. ಅಂದರೆ ಠೇವಣಿಯ ಆ 5,000 ರೂಪಾಯಿಯೇ ಹದಿನಾರು ದಿನಗಳ ದುಡಿಮೆ. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೆಯ ಒಂದು ಪಾಲಿಗಿಂತ ಹೆಚ್ಚು ದೊರೆಯದಿದ್ದರೆ ಅದೂ ಸರ್ಕಾರದ ಪಾಲು.

ಆದರೆ ನಿಜವಾದ ಗೋಡೆ ಠೇವಣಿಯದಲ್ಲ. 2022ರಿಂದ ವಿಧಾನಸಭಾ ಅಭ್ಯರ್ಥಿಯೊಬ್ಬ 40 ಲಕ್ಷ ರೂಪಾಯಿಯವರೆಗೆ ವೆಚ್ಚ ಮಾಡಬಹುದೆಂದು ಚುನಾವಣಾ ನಿಯಮವೇ ಹೇಳುತ್ತದೆ. 316 ರೂಪಾಯಿಯ ಕೂಲಿಯಲ್ಲಿ ಒಂದು ದಿನವೂ ಬಿಡದೆ, ಒಂದು ಕಾಸೂ ತಿನ್ನದೆ ದುಡಿದರೆ ಅಷ್ಟು ಹಣ ಕೂಡಲು ಮೂವತ್ನಾಲ್ಕು ವರ್ಷಗಳಿಗೂ ಮಿಕ್ಕಿ ಬೇಕು! ಆಗಿನ ಖಾತ್ರಿಯ ನೂರು ದಿನಗಳನ್ನಷ್ಟೇ ನೆಚ್ಚಿಕೊಂಡಿದ್ದರೆ ನೂರ ಇಪ್ಪತ್ತಾರು ವರ್ಷ! ಇದು ಅಭ್ಯರ್ಥಿಗೆ ಹಾಕಿದ ಮಿತಿ ಮಾತ್ರ. ಪಕ್ಷವು ತನ್ನ ಹೆಸರಿನಲ್ಲಿ ಮಾಡುವ ಸಾರ್ವತ್ರಿಕ ಪ್ರಚಾರದ ವೆಚ್ಚಕ್ಕೆ ಮಿತಿಯೇ ಇಲ್ಲ. ರಾತ್ರಿ ಹೊತ್ತು ಕೈಯಿಂದ ಕೈಗೆ ದಾಟುವ ನೋಟಿನ ಲೆಕ್ಕ ಯಾವ ಕಡತದಲ್ಲಿಯೂ ಸಿಗುವುದಿಲ್ಲ.

‘ಕ್ಷೇತ್ರ ಮೀಸಲಾಗಿದೆಯಲ್ಲ, ಇನ್ನೇನು ಬೇಕು?’ ಎಂದು ಕೇಳುವವರಿದ್ದಾರೆ. ಹಗರಿಬೊಮ್ಮನಹಳ್ಳಿ 2008ರ ಮರುವಿಂಗಡಣೆಯ ಕಾಲದಿಂದ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಮೀಸಲಾತಿ ಅತ್ಯಗತ್ಯ, ಅದಿಲ್ಲದಿದ್ದರೆ ಆ ಸಮುದಾಯಗಳ ದನಿ ಸದನದ ಹೊಸ್ತಿಲನ್ನೂ ಮುಟ್ಟುತ್ತಿರಲಿಲ್ಲ. ಆದರೂ ಒಂದು ಸಂಗತಿಯನ್ನು ಗಮನಿಸಬೇಕು. 2008, 2013, 2018, 2023, ಈ ನಾಲ್ಕು ಸಾರ್ವತ್ರಿಕ ಚುನಾವಣೆಗಳಲ್ಲಿ ಅಲ್ಲಿ ಗೆದ್ದವರು ಇಬ್ಬರೇ. ನೇಮರಾಜ ನಾಯ್ಕ ಒಮ್ಮೆ ಭಾರತೀಯ ಜನತಾ ಪಕ್ಷದಿಂದ, ಇನ್ನೊಮ್ಮೆ ಜಾತ್ಯತೀತ ಜನತಾದಳದಿಂದ. ಭೀಮಾ ನಾಯ್ಕ ಒಮ್ಮೆ ಜನತಾದಳದಿಂದ, ಇನ್ನೊಮ್ಮೆ ಕಾಂಗ್ರೆಸ್ಸಿನಿಂದ. ನಾಲ್ಕು ಗೆಲುವು, ಮೂರು ಪಕ್ಷ, ಎರಡು ಹೆಸರು. ಇದರಲ್ಲಿ ವ್ಯಕ್ತಿಗಳನ್ನು ದೂರಬೇಕಾದುದಿಲ್ಲ. ದೂರಬೇಕಾದುದು, ಹೊಸ ಕೂಲಿಕಾರನೊಬ್ಬನನ್ನು ಹುಡುಕುವುದಕ್ಕಿಂತ ಹಳೆಯ ಎದುರಾಳಿಯನ್ನೇ ಒಳಗೆ ಕರೆದುಕೊಳ್ಳುವುದು ಸುಲಭವೆಂದು ಬಗೆಯುವ ಪಕ್ಷಗಳನ್ನು. ಮೀಸಲಾತಿ ಜಾತಿಯ ಗೋಡೆಯಲ್ಲಿ ಬಾಗಿಲು ತೆರೆಯಿತು. ಹಣ ಅದೇ ಬಾಗಿಲಿಗೆ ಕಾವಲು ನಿಂತಿತು.

ಇದು ಬಯಲುಸೀಮೆಯ ರಾಜಕೀಯ, ಗುಡ್ಡಗಾಡಿನ ಪರಿಸರ ಚಳವಳಿಗೆ ಇದರಿಂದೇನು ಎಂದು ಕೇಳಬಹುದು. ಉತ್ತರ ನದಿಯಲ್ಲಿಯೇ ಇದೆ. ಪಶ್ಚಿಮಘಟ್ಟದಲ್ಲಿ ಹುಟ್ಟುವ ತುಂಗೆ, ಭದ್ರೆಯರು ಕೂಡಿ ಹರಿದು ನಿಲ್ಲುವುದು ಹಗರಿಬೊಮ್ಮನಹಳ್ಳಿಯ ಮಗ್ಗುಲಿನ ಹಿನ್ನೀರಿನಲ್ಲಿ. 1953ರಲ್ಲಿ ತುಂಗಭದ್ರಾ ಜಲಾಶಯ ತುಂಬಿದಾಗ ನಾರಾಯಣದೇವರಕೆರೆಯಂತಹ ಊರುಗಳು ಮುಳುಗಿದವು. ನೀರನ್ನು ಮಾತ್ರ ಕಾಲುವೆಗಳು ಅಣೆಕಟ್ಟಿನ ಕೆಳಗಿನ ಗಂಗಾವತಿ, ಸಿರುಗುಪ್ಪ, ರಾಯಚೂರುಗಳ ಗದ್ದೆಗಳಿಗೆ ಒಯ್ದವು. ನೆಲ ಕೊಟ್ಟ ಸೀಮೆಯ ಮಸಾರಿ ಹೊಲಗಳು ಇಂದಿಗೂ ಮುಗಿಲು ನೋಡುತ್ತಿವೆ. 133 ಟಿಎಂಸಿ ಹಿಡಿಯಲು ಕಟ್ಟಿದ ಜಲಾಶಯದಲ್ಲಿ ಹೂಳು ತುಂಬಿ ಈಗ ಉಳಿದಿರುವ ಸಾಮರ್ಥ್ಯ ಸುಮಾರು 105 ಟಿಎಂಸಿ. ಘಟ್ಟದ ಕಾಡು ಕಡಿದರೂ, ಗುಡ್ಡ ಅಗೆದರೂ ಆ ಮಣ್ಣು ಹೋಗಿ ಸೇರುವುದು ಅಲ್ಲಿಗೇ. ಕುದುರೆಮುಖದ ಗಣಿಗಾರಿಕೆಯ ವಿರುದ್ಧ ಮಲೆನಾಡು ಎದ್ದು ನಿಂತಾಗ ಭದ್ರೆಯ ಹೂಳಿನ ಪ್ರಶ್ನೆಯೂ ಮುಂದಿತ್ತು. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಗೆ ಆ ಗಣಿ ನಿಂತಿತು. ಘಟ್ಟದವರ ಆ ಗೆಲುವಿನಲ್ಲಿ ಹಿನ್ನೀರಿನ ಜನರ ಪಾಲೂ ಇತ್ತು.

ಬಳ್ಳಾರಿ ಸೀಮೆಯ ಕಥೆಯೂ ಭಿನ್ನವಲ್ಲ. ಅದಿರಿನ ಹಣ ಚುನಾವಣೆಗೆ ಹರಿದಾಗ ಶಾಸನಸಭೆ ಏನಾಗುತ್ತದೆ ಎಂಬುದನ್ನು ಇಡೀ ನಾಡು ಕಂಡಿದೆ. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಸಲ್ಲಿಸಿದರು. ಎರಡೇ ದಿನಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ನೀಡಿತು. ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಮೊಕದ್ದಮೆಯಲ್ಲಿ 2013ರ ಏಪ್ರಿಲ್ 18ರಂದು ತೀರ್ಪು ಬಂದು, ಅತಿಕ್ರಮಣ ಮಿತಿಮೀರಿದ್ದ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ಪರಿಸರವಾದಿಗಳು ಹೆಮ್ಮೆಪಡಬೇಕಾದ ಅಧ್ಯಾಯವಿದು. ಆದರೆ ಅದೇ ವರ್ಷಗಳಲ್ಲಿ ಲಾರಿ ಓಡಿಸುತ್ತಿದ್ದವರು, ಅದಿರು ತುಂಬುತ್ತಿದ್ದವರು ಕೆಲಸ ಕಳೆದುಕೊಂಡು ಮತ್ತೆ ಗುಳೆಯ ದಾರಿ ಹಿಡಿದಾಗ ಅವರ ಪರವಾಗಿ ಎಷ್ಟು ಕರಪತ್ರಗಳು ಅಚ್ಚಾದವು? ಚಳವಳಿಗೆ ನ್ಯಾಯಾಲಯದ ಬಾಗಿಲು ಗೊತ್ತಿತ್ತು, ಕೂಲಿಯವನ ಮನೆಯ ಬಾಗಿಲು ಗೊತ್ತಿರಲಿಲ್ಲ. ಸದನದಲ್ಲಿ ಜನ ಸೋತ ಪ್ರಶ್ನೆಗಳನ್ನೆಲ್ಲ ನ್ಯಾಯಾಲಯದಲ್ಲಿ ಗೆಲ್ಲುತ್ತ ಹೋಗುವುದು ಎಷ್ಟು ಕಾಲ ಸಾಧ್ಯ?

‘ಕೂಲಿಯವನಿಗೆ ಶಾಸನದ ಜ್ಞಾನವೆಲ್ಲಿಂದ ಬರಬೇಕು?’ ಎನ್ನುವುದು ವಿದ್ಯಾವಂತರ ಮೊದಲ ಆಕ್ಷೇಪ. ಕೆರೆಯ ಹೂಳನ್ನು ಬುಟ್ಟಿಯಲ್ಲಿ ಹೊತ್ತವನಿಗೆ ಹೂಳು ಎಲ್ಲಿಂದ ಬಂತೆಂಬುದು ತಿಳಿದಿರುತ್ತದೆ. ಜೋಳ, ನವಣೆಗಳ ಜಾಗಕ್ಕೆ ಮೆಕ್ಕೆಜೋಳ ಬಂದು, ವರ್ಷವರ್ಷವೂ ಗೊಬ್ಬರದ ಚೀಲ ಹೆಚ್ಚುತ್ತಿದ್ದರೂ ಫಸಲು ಏಕೆ ಹಿಗ್ಗುತ್ತಿಲ್ಲ ಎಂಬುದನ್ನು ಆ ಹೊಲದಲ್ಲಿ ಕಳೆ ಕಿತ್ತವಳು ಹೇಳಬಲ್ಲಳು. ಇಳಿಜಾರಿನ ಮಸಾರಿ ನೆಲದಲ್ಲಿ ಬದು ಒಡೆದರೆ ಒಂದೇ ಅಡ್ಡಮಳೆಗೆ ಮೇಲ್ಮಣ್ಣು ಹಳ್ಳ ಸೇರುತ್ತದೆ. ಯಾವ ಬದು ಗುತ್ತಿಗೆದಾರನ ಕಾಗದದಲ್ಲಿದೆ, ಯಾವುದು ನೆಲದ ಮೇಲಿದೆ ಎಂಬುದು ಕಟ್ಟಿದ ಕೈಗಳಿಗೆ ಗೊತ್ತು. ಕೃಷಿ ವಿಶ್ವವಿದ್ಯಾಲಯಗಳು ಜಲಾನಯನ ಅಭಿವೃದ್ಧಿಯೆಂದು ಕರೆಯುವ ವಿದ್ಯೆಯ ಅರ್ಧ ಭಾಗ ಇದೇ ಅಲ್ಲವೇ?

ಆಡಳಿತದ ಮಾತಿಗೆ ಬಂದರೆ, 1993ರ ಪಂಚಾಯತ್ ರಾಜ್ ಕಾನೂನು ಬಂದಂದಿನಿಂದ ಕೂಲಿಕಾರ ಗಂಡಸರು, ಹೆಂಗಸರು ಗ್ರಾಮ ಪಂಚಾಯಿತಿಯ ಸದಸ್ಯರಾಗಿ, ಅಧ್ಯಕ್ಷರಾಗಿ ಕೆಲಸ ಮಾಡುತ್ತಲೇ ಇದ್ದಾರೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ಒಂದು ಹಳ್ಳಿಗಾಡಿನ ನೀರಾವರಿ ಕೆರೆ. ಅದರ ಕರಿಜಾಲಿ ಮರಗಳಲ್ಲಿ ಸಾವಿರಾರು ಹಕ್ಕಿಗಳು ಗೂಡು ಕಟ್ಟುತ್ತವೆ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿತವಾದ ಆ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಪಟ್ಟಿಗೂ ಸೇರಿತು. ಇಂತಹ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಬೇಕೆಂದು ವನ್ಯಜೀವಿ ಕಾನೂನೇ ಹೇಳುತ್ತದೆ. ಜಗತ್ತು ಮೆಚ್ಚಿದ ಕೆರೆಯನ್ನು ನೋಡಿಕೊಳ್ಳಲು ಯೋಗ್ಯನಾದ ಹಳ್ಳಿಗ ಆ ಕೆರೆಗೆ ಹಣ ಮಂಜೂರು ಮಾಡುವ ಸದನದಲ್ಲಿ ಕೂರಲು ಮಾತ್ರ ಅಯೋಗ್ಯನೆಂದರೆ ಅದಕ್ಕಿಂತ ದೊಡ್ಡ ವಿಪರ್ಯಾಸ ಬೇರಿಲ್ಲ.

ಎರಡನೆಯ ಆಕ್ಷೇಪ ಪರಿಸರವಾದಿಗಳದೇ: ‘ಹಸಿದವನು ಗೆದ್ದರೆ ಕೆಲಸಕ್ಕಾಗಿ ಕಾಡನ್ನೇ ಮಾರಿಯಾನು.’ ಈ ಭಯ ಪೂರ್ತಿ ಸುಳ್ಳಲ್ಲ. ಕೆಲಸ ಬೇಕಾದವನು ಗಣಿಯ ಪರವಾಗಿ ಕೈ ಎತ್ತಬಹುದು. ಆದರೆ ಈವರೆಗೆ ಕೈ ಎತ್ತಿದವರು ಯಾರು? ಹಸಿದವರೇ? ಕೂಲಿಯವನ ಪ್ರತಿನಿಧಿ ಗಣಿ ಬೇಕೆಂದರೆ ಅವನ ಎದುರು ಕುಳಿತು, ಬೇರೆ ಉದ್ಯೋಗದ ದಾರಿಯನ್ನು ಲೆಕ್ಕಸಹಿತ ತೋರಿಸಿ ವಾದಿಸಬಹುದು. ಗಣಿಯ ಹಣದಿಂದಲೇ ಗೆದ್ದವನೊಡನೆ ಯಾವ ವಾದ ನಡೆದೀತು?

ಮಲೆನಾಡಿಗೆ ಈ ಪಾಠ ಹೊಸದೂ ಅಲ್ಲ. 1951ರಲ್ಲಿ ಕಾಗೋಡಿನ ದೀವರ ಗೇಣಿದಾರರು ಭತ್ತ ಅಳೆಯುವ ಕೊಳಗದ ಅಳತೆಯ ಪ್ರಶ್ನೆಯನ್ನೆತ್ತಿ ಒಡೆಯರ ವಿರುದ್ಧ ನಿಂತರು. ‘ಬಡವಾ, ನೀ ಮಡಗಿದ ಹಾಗಿರು’ ಎಂಬ ಗಾದೆಯನ್ನು ಅವರು ಹೊಲದಲ್ಲಿಯೇ ಹೂತುಬಿಟ್ಟರು. ಆ ಸತ್ಯಾಗ್ರಹದಲ್ಲಿ ಬೆಳೆದ ಬಡ ಮನೆತನದ ಯುವಕ ಶಾಂತವೇರಿ ಗೋಪಾಲಗೌಡ 1952ರ ಚುನಾವಣೆಯಲ್ಲಿ ಸಾಗರ-ಹೊಸನಗರದಿಂದ ಶಾಸನಸಭೆಗೆ ಗೆದ್ದುಬಂದರು. ಅವರ ಬೆನ್ನಿಗಿದ್ದುದು ಹಣವಲ್ಲ, ಸಂಘಟಿತ ಗೇಣಿದಾರರು. ಗೋಪಾಲಗೌಡರು 1972ರಲ್ಲಿ ತೀರಿಕೊಂಡರು. ಅವರು ಸದನದೊಳಗೆ ಬಿಡದೆ ಎತ್ತಿದ ಉಳುವವನ ಹಕ್ಕಿನ ಬೇಡಿಕೆ 1974ರ ಭೂಸುಧಾರಣೆಯ ತಿದ್ದುಪಡಿಯಲ್ಲಿ ಕಾನೂನಾಯಿತು. ಇಂದು ಮಲೆನಾಡಿನಲ್ಲಿ ಎರಡೆಕರೆ ಅಡಕೆ ತೋಟದ ಒಡೆಯರಾಗಿ ಪರಿಸರ ಸಭೆಗಳಲ್ಲಿ ಕುಳಿತಿರುವ ಎಷ್ಟೋ ಮಂದಿ ಆ ಗೇಣಿದಾರರ ಮೊಮ್ಮಕ್ಕಳು. ಅವರ ಅಜ್ಜಂದಿರಿಗೆ ತೆರೆದ ಬಾಗಿಲು ಅವರದೇ ತೋಟದ ಆಳುಗಳಿಗೆ ಏಕೆ ಮುಚ್ಚಿರಬೇಕು?

ಬೇರೆ ರಾಜ್ಯಗಳಲ್ಲಿ ಬಾಗಿಲು ಅಲ್ಲಲ್ಲಿ ತೆರೆದಿದೆ. 2021ರಲ್ಲಿ ಪಶ್ಚಿಮ ಬಂಗಾಳದ ಸಾಲ್ತೋರಾದಿಂದ ಗಾರೆ ಕೆಲಸದವನ ಮಡದಿ ಚಂದನಾ ಬಾವುರಿ ಗೆದ್ದರು. 2022ರಲ್ಲಿ ಪಂಜಾಬಿನ ಭದೌರ್‌ನಲ್ಲಿ ಮೊಬೈಲ್ ದುರಸ್ತಿಯ ಅಂಗಡಿಯಿಟ್ಟಿದ್ದ ಲಾಭ್ ಸಿಂಗ್ ಉಗೋಕೆ ಆಗಿನ ಮುಖ್ಯಮಂತ್ರಿಯನ್ನೇ ಸೋಲಿಸಿದರು. ಇಬ್ಬರ ಹಿಂದೆಯೂ ದೊಡ್ಡ ಪಕ್ಷಗಳಿದ್ದವು. ಮತದಾರನು ಬಡವನಿಗೆ ಓಟು ಹಾಕಲಾರನೆಂಬ ಮಾತು ಪಕ್ಷಗಳು ಕಟ್ಟಿದ ಕಥೆ ಎಂಬುದಕ್ಕೆ ಇಷ್ಟು ಸಾಕು. ಕರ್ನಾಟಕದಲ್ಲಿ ಸಿದ್ದಿ ಸಮುದಾಯದ ಮೊದಲ ಶಾಸಕರಾಗಿ ಶಾಂತಾರಾಮ ಸಿದ್ದಿ 2020ರಲ್ಲಿ ಸದನ ಪ್ರವೇಶಿಸಿದರು. ಅದು ಸಂತೋಷದ ಸಂಗತಿ. ಆದರೆ ಅವರಿಗೂ ದೊರೆತದ್ದು ವಿಧಾನಪರಿಷತ್ತಿನ ನಾಮನಿರ್ದೇಶನದ ಬಾಗಿಲು, ಚುನಾವಣೆಯದಲ್ಲ.

ಹಾಗಾದರೆ ಮಾಡಬೇಕಾದುದೇನು? ಚುನಾವಣೆಗೆ ಸರ್ಕಾರವೇ ನೆರವು ನೀಡಬೇಕೆಂದು ಇಂದ್ರಜಿತ್ ಗುಪ್ತ ಸಮಿತಿ 1998ರಲ್ಲಿಯೇ ಹೇಳಿತ್ತು. ಆದರೆ ಆ ನೆರವು ಮಾನ್ಯತೆ ಪಡೆದ ಪಕ್ಷಗಳಿಗೆ ಮಾತ್ರವೆಂದೂ ಹೇಳಿತ್ತು. ಹೊಸಬನಿಗೆ, ಪಕ್ಷೇತರನಿಗೆ ತಲುಪದ ನೆರವು ಉಳ್ಳವರ ಊಟಕ್ಕೆ ಉಪ್ಪಿನಕಾಯಿಯಷ್ಟೆ. ಊರೂರಿಗೆ ಸಭಾಸ್ಥಳ, ಕರಪತ್ರದ ಅಚ್ಚು, ಆಕಾಶವಾಣಿಯ ಸಮಯ ಎಲ್ಲ ಅಭ್ಯರ್ಥಿಗಳಿಗೂ ಸಮನಾಗಿ ದೊರೆಯಬೇಕು. ವಲಸೆ ಕಾರ್ಮಿಕರಿಗೆ ಇದ್ದಲ್ಲಿಂದಲೇ ಮತ ಚಲಾಯಿಸುವ ಹಕ್ಕು ಬರಬೇಕು. ಸೈನಿಕರಿಗೆ, ಚುನಾವಣಾ ಸಿಬ್ಬಂದಿಗೆ, ಅತಿವೃದ್ಧರಿಗೆ ಅಂಚೆ ಮತವಿದೆ, ಗುಳೆ ಹೋದವರಿಗೆ ಇಲ್ಲ. ದೂರದಿಂದ ಮತ ಹಾಕುವ ಯಂತ್ರದ ಮಾದರಿಯನ್ನು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತು, ವಿರೋಧ ಪಕ್ಷಗಳು ಒಪ್ಪಲಿಲ್ಲ.

ಶಾಸನ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಮತದಾರರ ಪಟ್ಟಿಯ ವಾರ್ಷಿಕ ಪರಿಷ್ಕರಣೆ ಸಾಮಾನ್ಯವಾಗಿ ನಡೆಯುವುದು ಅಕ್ಟೋಬರ್‌ನಿಂದ ಜನವರಿಯೊಳಗೆ. ತಾಂಡಾದ ಮನೆಗಳಿಗೆ ಬೀಗ ಬಿದ್ದಿರುವುದೂ ಆಗಲೇ. ಆ ತಿಂಗಳುಗಳಲ್ಲಿ ಬೀಗದ ಕೈ ಮಲೆನಾಡಿನ ಲೈನ್ ಮನೆಗಳಲ್ಲಿರುತ್ತದೆ. ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಿಕೊಡುವುದು, ಬಿಟ್ಟುಹೋಗಿದ್ದರೆ ಅರ್ಜಿ ತುಂಬಿಸುವುದು ಪರಿಸರ ಸಂಘಗಳಿಗೆ ಅಸಾಧ್ಯವೇ? ಮತದಾನದ ದಿನ ಸಂಬಳಸಹಿತ ರಜೆ ದಿನಗೂಲಿಯವರಿಗೂ ಸಲ್ಲುತ್ತದೆಂದು ಪ್ರಜಾಪ್ರತಿನಿಧಿ ಕಾಯ್ದೆಯೇ ಹೇಳುತ್ತದೆ. ಅದನ್ನು ಎಷ್ಟು ತೋಟದ ಮಾಲೀಕರು ಪಾಲಿಸಿದ್ದಾರೆ? ಅಭ್ಯರ್ಥಿಯಾಗಲು ಬಯಸುವ ಕೂಲಿಕಾರನು ಮುಂಗಡದ ಸಾಲಕ್ಕೆ ಕಟ್ಟುಬಿದ್ದಿದ್ದರೆ, ಊರಿನಲ್ಲಿ ಜನರನ್ನು ಕಾಣಬೇಕಾದ ತಿಂಗಳುಗಳಲ್ಲಿ ಅವನು ಪರರ ತೋಟದಲ್ಲಿ ಹಣ್ಣು ಕುಯ್ಯುತ್ತಿರುತ್ತಾನೆ. ಕುಯ್ಯಿಸುತ್ತಿರುವವರು ಪರಿಸರಪ್ರೇಮಿಗಳೂ ಆಗಿರಬಹುದು!

ಮುಂದಿನ ವಿಧಾನಸಭಾ ಚುನಾವಣೆ 2028ಕ್ಕೆ ಬರಬೇಕು. ಅಷ್ಟರಲ್ಲಿ ಹಗರಿಬೊಮ್ಮನಹಳ್ಳಿಯ ಒಬ್ಬ ಕೂಲಿಕಾರ, ಒಬ್ಬ ಅಂಗನವಾಡಿ ಸಹಾಯಕಿಯ ಮಗ, ಒಬ್ಬ ಲಾರಿ ಕ್ಲೀನರ್ ಠೇವಣಿಯ ಹಣ ಕೂಡಿಸಿಕೊಂಡು ನಿಲ್ಲಬಹುದು, ನಿಲ್ಲದಿರಲೂಬಹುದು. ನಿಂತರೆ ಮೊದಲ ಚುನಾವಣೆಯಲ್ಲಿ ಸೋಲಬಹುದು, ಠೇವಣಿಯೂ ಹೋಗಬಹುದು. ಆದರೂ ಊರೂರಿನ ಕಟ್ಟೆಯ ಮೇಲೆ ನಿಂತು ಕೆರೆ, ಗುಳೆ, ಕೂಲಿಗಳ ಪ್ರಶ್ನೆಯನ್ನು ಅವನು ಕೇಳಿದರೆ ಉಳಿದ ಅಭ್ಯರ್ಥಿಗಳೂ ಉತ್ತರಿಸಬೇಕಾಗುತ್ತದೆ. ಆ ಪ್ರಶ್ನೆಗಳಿಗೆ ಬೇಕಾದ ಮಣ್ಣಿನ, ನೀರಿನ ಅಂಕಿಅಂಶಗಳು ಪರಿಸರ ಸಂಘಟನೆಗಳ ಕಪಾಟುಗಳಲ್ಲಿ ಧೂಳು ತಿನ್ನುತ್ತಿವೆ. ಅವುಗಳನ್ನು ಅವನ ಕೈಗೆ ತಲುಪಿಸುವ ಕೆಲಸವನ್ನು ಈ ವರ್ಷದ ಕೊಯ್ಲಿನಲ್ಲಿಯೇ, ಲೈನ್ ಮನೆಯ ಜಗಲಿಯಿಂದಲೇ ಆರಂಭಿಸಬಹುದು.